ಹಡಗು ಹತ್ತುವ ಮುನ್ನ ಒಂದೇ ಒಂದು ಚರ್ಚು

ಪುಣೆ–ಮುಂಬೈಯ ನಮ್ಮ ಕನ್ನಡದವರು ಯುರೋಪಿಗೆ ಹೋಗುವ ರೀತಿ ಈಚೆಗೆ ಬದಲಾಗಿದೆ. ಹತ್ತು ದಿನದಲ್ಲಿ ಏಳು ದೇಶ ತೋರಿಸುವ ಬಸ್ಸಿನ ಪ್ರವಾಸದಿಂದ ಬೆನ್ನು ನೋಯಿಸಿಕೊಂಡವರು ಈಗ ಕ್ರೂಸ್ ಕಡೆ ತಿರುಗಿದ್ದಾರೆ. ಸಮುದ್ರದ ಹಡಗು ಬೇಡ ಎನ್ನುವವರಿಗೆ ರೈನ್ ನದಿಯ ಹಡಗು. ಒಮ್ಮೆ ಪೆಟ್ಟಿಗೆ ಬಿಚ್ಚಿದರೆ ವಾರ ಪೂರ್ತಿ ಅದೇ ಕೋಣೆ, ಬೆಳಿಗ್ಗೆ ಕಿಟಕಿ ತೆರೆದರೆ ಬೇರೆ ಊರು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಇದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಹಡಗು ಹತ್ತುವ ಮುಂಚಿನ ಎರಡು ದಿನದ ಬಗ್ಗೆ.

ವಿಮಾನ ತಡವಾದೀತು, ಜೆಟ್‌ಲ್ಯಾಗ್ ಕಳೆಯಲಿ ಎಂದು ಎರಡು ದಿನ ಮೊದಲೇ ಹೋಗಿ ಹಡಗು ಹೊರಡುವ ಊರಿನಲ್ಲಿ ಉಳಿಯುವುದು ಎಲ್ಲರೂ ಮಾಡುವ ಕೆಲಸ. ಆ ಎರಡು ದಿನವನ್ನು ಟ್ರಾವೆಲ್ ಕಂಪನಿಯವರು ತುಂಬಿಸಿ ಕೊಡುವ ಬಗೆ ನೋಡಿ. ನಮಗೆ ಕೊಟ್ಟ ಪಟ್ಟಿಯಲ್ಲಿ ಕಲೋನ್ ಕೆಥಡ್ರಲ್‌ಗೆ ನಲವತ್ತು ನಿಮಿಷ, ಅದೇ ಊರಿನ ಇನ್ನೆರಡು ಹಳೆಯ ಚರ್ಚು, ಮರುದಿನ ಆಖೆನ್ ಕೆಥಡ್ರಲ್, ವಾಪಸು ಬರುವಾಗ ಬಾನ್ ನಗರದ ಚರ್ಚು ಇದ್ದವು. ಎರಡು ದಿನಕ್ಕೆ ಐದು. ಆಮೇಲೆ ಹಡಗು ಹತ್ತಿದರೆ ಸ್ಟ್ರಾಸ್‌ಬರ್ಗ್‌ನದು ಬೇರೆ. ನಾನು ಪಟ್ಟಿಯನ್ನು ವಾಪಸು ಕಳಿಸಿ, ನಮಗೆ ಎರಡೂ ದಿನ ಕಲೋನ್ ಕೆಥಡ್ರಲ್ ಒಂದೇ ಸಾಕು ಎಂದೆ. ಆ ಕಡೆಯ ಹುಡುಗನಿಗೆ ಕನಿಕರ ಬಂದಿರಬೇಕು. "ಸರ್, ಚರ್ಚ್ ಒಳಗೆ ಎರಡು ದಿನ ಏನು ಮಾಡ್ತೀರಿ?" ಎಂದ.

ಪ್ರಶ್ನೆ ಚೆನ್ನಾಗಿದೆ. ಈ ಬರಹ ಅದಕ್ಕೇ ಉತ್ತರ.

ಮೊದಲು ಹೆಸರಿನ ವಿಷಯ. ದೊಡ್ಡ ಚರ್ಚುಗಳನ್ನೆಲ್ಲ ನಾವು ಕೆಥಡ್ರಲ್ ಎಂದುಬಿಡುತ್ತೇವೆ. ಕೆಥೆಡ್ರಾ ಎಂದರೆ ಪೀಠ. ಧರ್ಮಾಧ್ಯಕ್ಷರ, ಅಂದರೆ ಬಿಷಪರ ಪೀಠ ಇರುವ ಚರ್ಚು ಮಾತ್ರ ಕೆಥಡ್ರಲ್. ಎತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ. ಅದೇ ಜರ್ಮನಿಯ ಉಲ್ಮ್ ಎಂಬ ಊರಿನ ಚರ್ಚು ನೂರಾರು ಅಡಿ ಎತ್ತರವಿದ್ದೂ ಕೆಥಡ್ರಲ್ ಅಲ್ಲ. ನಮ್ಮಲ್ಲಿ ಗುರುಪೀಠವಿದ್ದರೆ ಮಠ, ಇಲ್ಲದಿದ್ದರೆ ಬರೀ ಕಟ್ಟಡ ಅನ್ನುತ್ತೇವಲ್ಲ, ಹಾಗೆ. ಇಷ್ಟು ಗೊತ್ತಿದ್ದರೆ ಒಳಗೆ ಹೋದ ಕೂಡಲೇ ಕಣ್ಣಿಗೆ ಒಂದು ಕೆಲಸ ಸಿಗುತ್ತದೆ: ಪೀಠ ಎಲ್ಲಿದೆ ಎಂದು ಹುಡುಕುವುದು.

ಕಲೋನ್‌ನಲ್ಲಿ ರೈಲು ಇಳಿದು ಹೊರಗೆ ಕಾಲಿಟ್ಟರೆ ಎದುರಿಗೆ ಇರುವುದೇ ಅದು. ಕಪ್ಪಗೆ, ಮಸಿ ಹಿಡಿದ ಹಾಗೆ, 157 ಮೀಟರ್ ಎತ್ತರದ ಜೋಡಿ ಗೋಪುರ. ಮೈಸೂರಿನವರಿಗೆ ಆ ಜೋಡಿ ಗೋಪುರ ಹೊಸದಲ್ಲ. ನಮ್ಮ ಸೇಂಟ್ ಫಿಲೋಮಿನಾ ಚರ್ಚಿಗೆ ಮಾದರಿಯೇ ಇದು. ನಮ್ಮಮ್ಮ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅವರು ತಲೆ ಎತ್ತಿ ನೋಡಿ ಮೊದಲು ಹೇಳಿದ್ದು, "ಏನೋ ಇದು, ನಮ್ಮ ಫಿಲೋಮಿನಾನ ಹೊಗೆಗೂಡಲ್ಲಿ ಇಟ್ಟ ಹಾಗಿದೆ!" ಅಮ್ಮನ ಮಾತು ಅರ್ಧ ನಿಜ. ಇಲ್ಲಿನ ಕಲ್ಲಿಗೆ ಗಾಳಿ, ಮಳೆ, ಕೈಗಾರಿಕೆಯ ಹೊಗೆ ತಾಗಿ ಕಪ್ಪು ಕೂತಿದೆ.

ಎರಡು ದಿನ ಏನು ಮಾಡುವುದು ಎಂದ ಹುಡುಗನಿಗೆ ಹೇಳಬೇಕಾದದ್ದು ಇಲ್ಲಿಂದ ಶುರು. ಈ ಚರ್ಚನ್ನು ಕಟ್ಟಲು ತೊಡಗಿದ್ದು 1248ರಲ್ಲಿ, ಮುಗಿಸಿದ್ದು 1880ರಲ್ಲಿ. ನಡುವೆ 632 ವರ್ಷ. ಹೊಯ್ಸಳರು ಹಳೇಬೀಡಿನಲ್ಲಿ ಆಳುತ್ತಿದ್ದಾಗ ಪಾಯ ಹಾಕಿದ್ದು, ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ ಕಲಶ ಇಟ್ಟದ್ದು ಎಂದರೆ ಅಂದಾಜು ಸಿಗಬಹುದು. ಅಷ್ಟೂ ವರ್ಷ ಕೆಲಸ ನಡೆಯಲಿಲ್ಲ. ಪೀಠ ಮತ್ತು ಬಲಿಪೀಠವಿರುವ ಪೂರ್ವದ ಭಾಗ 1322ರಲ್ಲಿ ಪ್ರತಿಷ್ಠೆಯಾಯಿತು. ಪಶ್ಚಿಮಕ್ಕೆ ಒಂದು ಗೋಡೆ ಎಬ್ಬಿಸಿ ಅಷ್ಟರಲ್ಲೇ ಪೂಜೆ ನಡೆಸಿದರು. ದಕ್ಷಿಣದ ಗೋಪುರ ಸ್ವಲ್ಪ ಎದ್ದು ನಿಂತಿತು. ಹದಿನಾರನೆಯ ಶತಮಾನದಲ್ಲಿ ದುಡ್ಡೂ ಹೋಯಿತು, ಮನಸ್ಸೂ ಹೋಯಿತು. ಕಲ್ಲು ಎತ್ತಲು ಗೋಪುರದ ಮೇಲೆ ಇಟ್ಟಿದ್ದ ಮರದ ಕ್ರೇನ್ ಮಾತ್ರ ಇಳಿಯಲಿಲ್ಲ. ಸುಮಾರು ನಾನೂರು ವರ್ಷ ಅದು ಅಲ್ಲೇ ನಿಂತಿತ್ತು, 1868ರವರೆಗೆ. ಊರಿನ ಹಳೆಯ ಚಿತ್ರಗಳಲ್ಲೆಲ್ಲ ಅದು ಕಾಣುತ್ತದೆ. ಮೇಲುಕೋಟೆಯ ರಾಯಗೋಪುರ ಅರ್ಧಕ್ಕೆ ನಿಂತೇ ಹೆಸರಾದ ಹಾಗೆ, ಈ ಊರಿಗೂ ಅರ್ಧ ಗೋಪುರ ಮತ್ತು ಕ್ರೇನೇ ಗುರುತು.

ಆಮೇಲಿನ ಕತೆ ನನಗೆ ಎಲ್ಲಕ್ಕಿಂತ ಇಷ್ಟ. ಹಳೆಯ ಶಿಲ್ಪಿಗಳು ಮುಂಭಾಗದ ನಕ್ಷೆಯನ್ನು ನಾಲ್ಕು ಮೀಟರಿಗೂ ಉದ್ದದ ಚರ್ಮದ ಹಾಳೆಯ ಮೇಲೆ ಬರೆದಿದ್ದರು. ಅದು ಕಳೆದುಹೋಗಿತ್ತು. 1814ರಲ್ಲಿ ಅದರ ಅರ್ಧ ಡಾರ್ಮ್‌ಸ್ಟಾಟ್ ಎಂಬ ಊರಿನಲ್ಲಿ ಸಿಕ್ಕಿತು, ಇನ್ನರ್ಧ ಎರಡು ವರ್ಷದ ನಂತರ ಪ್ಯಾರಿಸ್ಸಿನಲ್ಲಿ. ಎರಡನ್ನೂ ಜೋಡಿಸಿ, ಮಧ್ಯಯುಗದವರು ಅಂದುಕೊಂಡದ್ದನ್ನೇ ಹತ್ತೊಂಬತ್ತನೆಯ ಶತಮಾನದವರು ಕಟ್ಟಿದರು. ಆ ನಕ್ಷೆ ಈಗಲೂ ಚರ್ಚಿನ ಒಳಗೇ ಇದೆ, ಬಣ್ಣ ಮಾಸದಿರಲೆಂದು ಅದಕ್ಕೊಂದು ಪರದೆ. ನಲವತ್ತು ನಿಮಿಷದ ಗುಂಪುಗಳು ಅದರ ಮುಂದೆ ನಿಲ್ಲುವುದನ್ನು ನಾನು ನೋಡಲಿಲ್ಲ.

1842ರಲ್ಲಿ ಕೆಲಸ ಮತ್ತೆ ಶುರುವಾದಾಗ ಅಡಿಗಲ್ಲು ಇಟ್ಟವನು ಪ್ರಷ್ಯಾದ ದೊರೆ ನಾಲ್ಕನೆಯ ಫ್ರೀಡ್ರಿಕ್ ವಿಲ್ಹೆಲ್ಮ್. ಆತ ಪ್ರಾಟೆಸ್ಟಂಟ್, ಚರ್ಚು ಕ್ಯಾಥೊಲಿಕರದು. ಆ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ. ಇದನ್ನು ಅಮ್ಮನಿಗೆ ಹೇಳಿದಾಗ ಅವರಿಗೆ ವಿಶೇಷ ಅನ್ನಿಸಲೇ ಇಲ್ಲ. "ನಮ್ಮ ಫಿಲೋಮಿನಾಗೆ ಅಡಿಗಲ್ಲು ಹಾಕಿದ್ದು ನಾಲ್ವಡಿಯವರೇ ಅಲ್ವೇನೋ?" ಎಂದರು. ಹೌದು, 1933ರಲ್ಲಿ. ಮಾದರಿಯ ಜೊತೆಗೆ ಈ ಪದ್ಧತಿಯೂ ಬಂತೋ ಏನೋ ಎಂದು ನಗಬಹುದು, ಆದರೆ ಮೈಸೂರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಹೊರಡುವ ಮುಂಚೆ ಪರಿಚಯದವರೊಬ್ಬರು, ಒಳ್ಳೆಯ ಮನುಷ್ಯರೇ, "ದುಡ್ಡು ಖರ್ಚು ಮಾಡಿ ಬೇರೆಯವರ ದೇವರ ಮನೆ ಯಾಕೆ ಸುತ್ತಬೇಕು? ಅದೇ ದುಡ್ಡಿನಲ್ಲಿ ಕಾಶಿಗೆ ಹೋಗಬಹುದಲ್ಲ" ಎಂದಿದ್ದರು. ಇಂಥ ಮಾತು ಈಗ ಹೊರನಾಡಿನ ನಮ್ಮ ಕೂಟಗಳಲ್ಲಿ ಆಗಾಗ ಕೇಳಿಸುತ್ತದೆ, ಮೊದಲು ಇಷ್ಟು ಕೇಳುತ್ತಿರಲಿಲ್ಲ. ನಾನು ವಾದಕ್ಕೆ ಹೋಗಲಿಲ್ಲ. ಆದರೆ ಅಮ್ಮ ಫಿಲೋಮಿನಾದಲ್ಲಿ ಪರೀಕ್ಷೆಗೆ ಮುಂಚೆ ಮೇಣದಬತ್ತಿ ಹಚ್ಚಿದವರು. ಚಾಮುಂಡಿಗೆ ಹೂವು, ಫಿಲೋಮಿನಾಗೆ ಬತ್ತಿ, ಎರಡೂ ಒಂದೇ ವಾರದಲ್ಲಿ. ಅವರ ಓರಗೆಯ ಎಷ್ಟೋ ಮೈಸೂರಿನ ಹೆಂಗಸರು ಹಾಗೇ ಮಾಡಿದವರು. ಅವರ ಭಕ್ತಿ ಅದರಿಂದ ಕಡಿಮೆಯಾದದ್ದನ್ನು ನಾನಂತೂ ಕಾಣೆ. ಕಲೋನ್‌ನಲ್ಲಿ ಅವರು ಕೇಳಿದ್ದು ಒಂದೇ, "ಇಲ್ಲಿ ಕೈ ಮುಗೀಬಹುದಾ, ಯಾರೂ ಏನೂ ಅನ್ನಲ್ವಾ?" ಯಾರೂ ಏನೂ ಅನ್ನಲಿಲ್ಲ. ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗಬೇಕಲ್ಲ ಎಂಬ ಕಸಿವಿಸಿ ಮಾತ್ರ ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ಕೆಂಪು ನಿಲುವಂಗಿ ತೊಟ್ಟ ಕಾವಲಿನವರು ಗಂಡಸರ ಟೋಪಿ ತೆಗೆಸುತ್ತಾರೆ, ಕಾಲಿನ ಕಡೆ ನೋಡುವುದೇ ಇಲ್ಲ. ಮರ್ಯಾದೆ ಒಂದೊಂದು ಊರಲ್ಲಿ ಒಂದೊಂದು ಅಂಗದಲ್ಲಿ ಇರುತ್ತದೆ ಎಂದು ಮಗಳಿಗೆ ಹೇಳಿದೆ.

ಬಲಿಪೀಠದ ಹಿಂದೆ ಚಿನ್ನದ ದೊಡ್ಡ ಪೆಟ್ಟಿಗೆ ಇದೆ. ಹುಟ್ಟಿದ ಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಅಸ್ಥಿ ಅದರೊಳಗಿದೆ ಎಂಬುದು ನಂಬಿಕೆ. 1164ರಲ್ಲಿ ಕಲೋನ್‌ನ ಆರ್ಚ್‌ಬಿಷಪ್ ಅದನ್ನು ಮಿಲಾನ್ ನಗರದಿಂದ ತಂದ. ತಂದ ಎನ್ನುವುದು ಸೌಜನ್ಯದ ಮಾತು. ಚಕ್ರವರ್ತಿ ಆ ನಗರವನ್ನು ಗೆದ್ದಾಗ ಸಿಕ್ಕ ಪಾಲು ಅದು. ಆ ಅಸ್ಥಿಗಾಗಿ ಯಾತ್ರಿಕರು ಬಂದರು, ಯಾತ್ರಿಕರಿಗಾಗಿ ಹಳೆಯ ಚರ್ಚು ಸಾಲದಾಯಿತು, ಹೊಸದು ಎದ್ದಿತು. ಯಾತ್ರೆಯೇ ಈ ಕಟ್ಟಡದ ಮೂಲ. ಹಾಗಾಗಿ ಪ್ರವಾಸಿಗರ ಕಾಟ ಎಂದು ಇಂದು ಯಾರಾದರೂ ಗೊಣಗಿದರೆ ಇತಿಹಾಸ ಅವರ ಪರವಾಗಿಲ್ಲ.

ಕಿಟಕಿಗಳಲ್ಲಿ ಒಂದನ್ನು ಬಿಡಬೇಡಿ. ದಕ್ಷಿಣದ ದೊಡ್ಡ ಕಿಟಕಿಯ ಗಾಜು ಯುದ್ಧದಲ್ಲಿ ಹೋಯಿತು. 2007ರಲ್ಲಿ ಕಲಾವಿದ ಗೆರ್ಹಾರ್ಡ್ ರಿಖ್ಟರ್ ಅಲ್ಲಿಗೆ 72 ಬಣ್ಣದ 11,263 ಚೌಕದ ಗಾಜಿನ ತುಂಡುಗಳನ್ನು ಕೂರಿಸಿದರು. ಸಂತರಿಲ್ಲ, ಕತೆಯಿಲ್ಲ, ಬರೀ ಬಣ್ಣ. ಬಣ್ಣಗಳ ಜಾಗವನ್ನು ಬಹುಮಟ್ಟಿಗೆ ಕಂಪ್ಯೂಟರ್ ಆರಿಸಿತು. ಆಗಿನ ಕಾರ್ಡಿನಲ್‌ಗೆ ಇದು ಹಿಡಿಸದೆ, ಮಸೀದಿಗೋ ಇನ್ನಾವುದಾದರೂ ಪ್ರಾರ್ಥನಾ ಮಂದಿರಕ್ಕೋ ಹೊಂದೀತು, ಇಲ್ಲಿಗಲ್ಲ ಎಂಬರ್ಥದ ಮಾತಾಡಿದರು. ಕಿಟಕಿ ಅಲ್ಲೇ ಇದೆ. ಮಧ್ಯಾಹ್ನದ ಬಿಸಿಲು ಬಿದ್ದಾಗ ಅದರ ಬಣ್ಣ ಕಲ್ಲಿನ ಕಂಬದ ಮೇಲೆ ನಿಧಾನ ಸರಿಯುತ್ತದೆ. ನಾನು ಒಂದೂವರೆ ಗಂಟೆ ಕೂತೆ. ನನ್ನ ಹೆಂಡತಿ ಎರಡು ಸಲ ಕಾಫಿಗೆ ಹೋಗಿ ಬಂದಳು, ಅದೂ ತಪ್ಪಲ್ಲ.

ಇನ್ನು ಗೈಡುಗಳು ಓಡುತ್ತಾ ಹೇಳದೆ ಬಿಡುವ ಭಾಗ. ಪಾದ್ರಿಗಳು ಕೂರುವ ಹದಿನಾಲ್ಕನೆಯ ಶತಮಾನದ ಮರದ ಆಸನಗಳ ಕೆತ್ತನೆಯಲ್ಲಿ ಯಹೂದಿಗಳನ್ನು ಹಂದಿಯೊಡನೆ ತೋರಿಸಿ ಹೀನಾಯವಾಗಿ ಅಣಕಿಸುವ ಚಿತ್ರವಿದೆ. ಪ್ರವಾಸಿಗರನ್ನು ಸಾಮಾನ್ಯವಾಗಿ ಅಲ್ಲಿಯವರೆಗೆ ಬಿಡುವುದಿಲ್ಲ. ಅದೇ ಚರ್ಚಿನ ಗೋಡೆಯಲ್ಲಿ 1266ರ ಒಂದು ಶಾಸನವೂ ಇದೆ. ಯಹೂದಿಗಳ ಹಕ್ಕುಗಳನ್ನು ಕಾಯುತ್ತೇನೆಂದು ಆರ್ಚ್‌ಬಿಷಪ್ ಕೆತ್ತಿಸಿದ್ದು. ಶಾಸನ ಇದ್ದೂ 1424ರಲ್ಲಿ ಅವರನ್ನು ಊರಿನಿಂದ ಹೊರಹಾಕಲಾಯಿತು. ಭರವಸೆಯೂ ಅವಮಾನವೂ ಒಂದೇ ಸೂರಿನ ಕೆಳಗೆ. ಒಂಬತ್ತನೇ ತರಗತಿಯ ಮಗಳಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಮನೆಯಲ್ಲಿ ಸ್ವಲ್ಪ ಚರ್ಚೆಯಾಯಿತು. ಹೇಳಬೇಕು ಎಂದೇ ನನ್ನ ಅಭಿಪ್ರಾಯ. ಸುಂದರ ಕಟ್ಟಡ ಕಟ್ಟಿದವರೆಲ್ಲ ಸುಂದರವಾಗಿ ಬಾಳಿದರು ಎಂದು ಮಕ್ಕಳು ಅಂದುಕೊಂಡರೆ, ನಾಳೆ ನಮ್ಮ ಬೇಲೂರು, ಹಂಪಿಯ ಮುಂದೆಯೂ ಹಾಗೇ ಅಂದುಕೊಳ್ಳುತ್ತಾರೆ. ಯಾರನ್ನು ಒಳಗೆ ಬಿಡುತ್ತಿದ್ದರು, ಯಾರು ಹೊರಗೇ ನಿಲ್ಲಬೇಕಿತ್ತು ಎಂಬ ಪ್ರಶ್ನೆ ಕೇಳಲು ಅವರು ಕಲಿಯುವುದೇ ಇಲ್ಲ.

ಹಂಪಿ ಎಂದೆ. ಕಲೋನ್ ಕೆಥಡ್ರಲ್ 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2004ರಲ್ಲಿ ಯುನೆಸ್ಕೊ ಅದನ್ನು ಅಪಾಯದಲ್ಲಿರುವ ತಾಣ ಎಂದು ಘೋಷಿಸಿತು. ಕಾರಣ ಬಾಂಬೂ ಅಲ್ಲ, ಭೂಕಂಪವೂ ಅಲ್ಲ; ನದಿಯ ಆಚೆ ದಡದಲ್ಲಿ ಎತ್ತರದ ಕಟ್ಟಡಗಳನ್ನು ಕಟ್ಟುವ ಯೋಜನೆ. ಗೋಪುರ ದೂರದಿಂದ ಕಾಣುವ ನೋಟ ಕೆಡುತ್ತದೆ ಎಂಬುದು ಆಕ್ಷೇಪ. ನಗರ ಯೋಜನೆ ಬದಲಿಸಿತು, 2006ರಲ್ಲಿ ಹೆಸರು ಅಪಾಯದ ಪಟ್ಟಿಯಿಂದ ಹೊರಬಂತು. ನಮ್ಮ ಹಂಪಿ 1999ರಲ್ಲಿ ಅದೇ ಪಟ್ಟಿ ಸೇರಿತ್ತು, ಆನೆಗೊಂದಿಯ ಸೇತುವೆಯ ಕಾರಣದಿಂದ. ಅದು ಹೊರಬಂದದ್ದೂ 2006ರಲ್ಲೇ. ಆ ಸೇತುವೆಯ ಮುಂದಿನ ಗತಿ ನಿಮಗೆ ನೆನಪಿರಬಹುದು, 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಬಿತ್ತು. ಕಟ್ಟಡ ಮಾತ್ರವಲ್ಲ, ಅದರ ಸುತ್ತಲ ಬಯಲು, ನದಿ, ಆಕಾಶವೂ ಪರಂಪರೆಯೇ ಎಂಬ ಮಾತು ನಮ್ಮವರಿಗೆ ಇನ್ನೂ ಅತಿ ಎನ್ನಿಸುತ್ತದೆ. ಕಲೋನ್‌ನ ಆಚೆ ದಡಕ್ಕೆ ಸೇತುವೆ ಮೇಲೆ ನಡೆದು ಹೋಗಿ ಸಂಜೆ ಹೊತ್ತಲ್ಲಿ ತಿರುಗಿ ನೋಡಿದರೆ ಅತಿ ಅಲ್ಲ ಎಂದು ಗೊತ್ತಾಗುತ್ತದೆ.

ಟಿಕೆಟ್ಟಿನ ವಿಷಯಕ್ಕೆ ಬರುತ್ತೇನೆ. ನಾವು ಹೋದಾಗ ಕೆಥಡ್ರಲ್ ಒಳಗೆ ಹೋಗಲು ದುಡ್ಡಿರಲಿಲ್ಲ. 533 ಮೆಟ್ಟಿಲಿನ ಗೋಪುರ ಹತ್ತಲು, ಭಂಡಾರ ನೋಡಲು ಮಾತ್ರ ಟಿಕೆಟ್. ಮಿಲಾನ್‌ನಂಥ ಕಡೆ ಒಳಗೆ ಕಾಲಿಡಲೂ ಟಿಕೆಟ್ ಬೇಕು. ದೇವರ ಮನೆಗೂ ಟಿಕೆಟ್ಟೇ ಎಂದು ನಮ್ಮವರು ಮೂಗು ಮುರಿಯುವುದನ್ನು ಕೇಳಿದ್ದೇನೆ, ವಿಶೇಷ ದರ್ಶನಕ್ಕೆ ಚೀಟಿ ಕೊಂಡು ಸಾಲು ತಪ್ಪಿಸಿಕೊಂಡವರ ಬಾಯಿಂದಲೇ! ನನ್ನ ಪ್ರಕಾರ ಪ್ರಾರ್ಥನೆಗೆ ಬಂದವರಿಂದ ಕೇಳಬಾರದು, ನೋಡಲು ಬಂದವರಿಂದ ಕೇಳಿದರೆ ತಪ್ಪಿಲ್ಲ. ಇಬ್ಬರನ್ನೂ ಬಾಗಿಲಲ್ಲಿ ಬೇರೆ ಮಾಡುವುದು ಕಷ್ಟ ನಿಜ. ಅಮ್ಮ ಯಾವ ಸಾಲಿನಲ್ಲಿ ನಿಲ್ಲಬೇಕು ಎಂದು ನನಗೆ ಈಗಲೂ ತಿಳಿಯದು.

ದುಡ್ಡು ಯಾಕೆ ಬೇಕು ಎಂದರೆ ಮೇಲೆ ನೋಡಿ. ಯಾವಾಗ ಹೋದರೂ ಎಲ್ಲೋ ಒಂದು ಕಡೆ ಅಟ್ಟಣಿಗೆ ಕಟ್ಟಿರುತ್ತಾರೆ. ಚರ್ಚಿಗೆ ತನ್ನದೇ ಆದ ಕಾರ್ಯಾಗಾರವಿದೆ. ಕಲ್ಲುಕುಟಿಗರು, ಗಾಜಿನ ಕೆಲಸದವರು, ಬಡಗಿಗಳು, ಕಮ್ಮಾರರು ವರ್ಷವಿಡೀ ಸಂಬಳದ ಮೇಲೆ ದುರಸ್ತಿ ಮಾಡುತ್ತಲೇ ಇರುತ್ತಾರೆ. ಖರ್ಚಿನ ದೊಡ್ಡ ಪಾಲು ಕೊಡುವುದು 1842ರಲ್ಲಿ ನಾಗರಿಕರು ಕಟ್ಟಿದ ಸಂಘ. ಅದು ಇಂದಿಗೂ ನಡೆಯುತ್ತಿದೆ. ಗೋಪುರ ಮುಗಿಸಲು ಆ ಕಾಲದಲ್ಲಿ ಲಾಟರಿಯನ್ನೂ ನಡೆಸಿದ್ದರು. ಕೆಥಡ್ರಲ್ ಪೂರ್ತಿಯಾದ ದಿನ ಪ್ರಪಂಚ ಮುಗಿಯುತ್ತದೆ ಎಂದು ಊರಿನವರ ಒಂದು ಗಾದೆ. ದುರಸ್ತಿ ನಡೆಯುತ್ತಿರುವಷ್ಟು ದಿನ ಎಲ್ಲರೂ ಕ್ಷೇಮ ಎಂದು ಅರ್ಥ. ಜೀರ್ಣೋದ್ಧಾರ ಎಂದರೆ ಹಳೆಯ ಕಲ್ಲಿಗೆ ಬಣ್ಣ ಬಳಿದು, ಗ್ರಾನೈಟ್ ಹಾಸಿ, ದಾನಿಗಳ ಹೆಸರು ಕೆತ್ತಿಸುವುದು ಎಂದು ತಿಳಿದ ನಮ್ಮೂರಿನ ಸಮಿತಿಗಳನ್ನು ಒಮ್ಮೆ ಇಲ್ಲಿ ತಂದು ನಿಲ್ಲಿಸಬೇಕು ಅನ್ನಿಸಿತು.

ಯುದ್ಧದಲ್ಲಿ ಊರೆಲ್ಲ ನೆಲಸಮವಾದಾಗ ಈ ಚರ್ಚಿಗೂ ಹದಿನಾಲ್ಕು ದೊಡ್ಡ ಬಾಂಬು ಬಿದ್ದವು. ನಿಂತಿತು. ಉತ್ತರದ ಗೋಪುರದ ಬುಡಕ್ಕೆ ಬಿದ್ದ ತೂತನ್ನು ಯುದ್ಧದ ನಡುವೆಯೇ ಇಟ್ಟಿಗೆಯಿಂದ ಮುಚ್ಚಿದರು, ಹಲ್ಲಿನ ಕುಳಿ ತುಂಬಿದ ಹಾಗೆ. ಇಟ್ಟಿಗೆಯ ಮೇಲೆ ಕಲ್ಲಿನ ಹೊದಿಕೆ ಬಂದದ್ದು 2005ರಲ್ಲಿ. ಮೊದಲನೆಯ ಮಹಾಯುದ್ಧದಲ್ಲಂತೂ ಅಲ್ಲಿನ ದೊಡ್ಡ ಗಂಟೆಯನ್ನೇ ಇಳಿಸಿ ಯುದ್ಧದ ಕೆಲಸಕ್ಕೆ ಕರಗಿಸಿದ್ದರು. ಈಗಿರುವುದು 1923ರದು, 24 ಟನ್ ತೂಕದ್ದು. ಊರಿನವರು ಅದನ್ನು ಪ್ರೀತಿಯಿಂದ ದಪ್ಪ ಪೀಟರ್ ಎಂದು ಕರೆಯುತ್ತಾರೆ. ದೊಡ್ಡ ಹಬ್ಬಗಳಿಗೆ ಮಾತ್ರ ಬಾರಿಸುತ್ತಾರೆ, ನಮಗೆ ಕೇಳಲು ಸಿಗಲಿಲ್ಲ.

ಎದುರು ವಾದ ಗೊತ್ತಿದೆ. ಹತ್ತು ವರ್ಷಕ್ಕೊಮ್ಮೆ ಸಿಗುವ ರಜೆ, ವೀಸಾಕ್ಕೆ ಅಲೆದಾಟ, ತಲೆಗೆ ಲಕ್ಷಗಟ್ಟಲೆ ಖರ್ಚು. ಮತ್ತೆ ಈ ಕಡೆ ಬರುತ್ತೇವೋ ಇಲ್ಲವೋ, ಸಿಕ್ಕಷ್ಟು ನೋಡಿಬಿಡೋಣ ಎಂಬುದು. ಆಖೆನ್ ಬಿಟ್ಟದ್ದು ನನಗೂ ನಷ್ಟವೇ. ಶಾರ್ಲಮೇನ್ ಚಕ್ರವರ್ತಿಯ ಸಮಾಧಿ ಅಲ್ಲಿದೆ, 1978ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಶುರುವಾದಾಗಿನ ಮೊದಲ ಹನ್ನೆರಡು ತಾಣಗಳಲ್ಲಿ ಅದೂ ಒಂದು. ಆದರೂ ನನ್ನ ನಿಲುವು ಬದಲಾಗದು. ಐದು ಚರ್ಚು ಓಡಿ ನೋಡಿ ಬಂದ ಸ್ನೇಹಿತರನ್ನು ಕೇಳಿದ್ದೇನೆ. ಯಾವ ಕಿಟಕಿ ಎಲ್ಲಿಯದು, ಯಾವ ಗೋಪುರ ಯಾವ ಊರಿನದು ಎಂದು ಫೋನಿನ ಫೋಟೊ ತೆಗೆದೇ ಹೇಳಬೇಕು. ಮೂರನೆಯದಕ್ಕೆ ಬರುವಾಗಲೇ ಮಕ್ಕಳು "ಇನ್ನೊಂದು ಚರ್ಚಾ?" ಎಂದು ಮುಖ ಸಿಂಡರಿಸಿರುತ್ತಾರೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳವನ್ನು ಒಂದೇ ದಿನದಲ್ಲಿ ಮುಗಿಸಿ ಬರುವ ಶಾಲಾ ಪ್ರವಾಸದ ಚಾಳಿಯನ್ನೇ ನಾವು ಯುರೋಪಿಗೂ ಹೊತ್ತುಕೊಂಡು ಹೋಗಿದ್ದೇವೆ.

ಒಂದು ಸಂಜೆಯಾದರೂ ಬಲಿಪೂಜೆಯ ಹೊತ್ತಿಗೆ ಹೋಗಿ. ಆಗ ಫೋಟೊದವರನ್ನು ಹೊರಗೆ ಕಳಿಸುತ್ತಾರೆ. ಪೂಜೆ ಮುಗಿಯುವವರೆಗೆ ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂರುತ್ತೇವೆಂದರೆ ಬಿಡುತ್ತಾರೆ. ಆರ್ಗನ್ ಮೊಳಗಿದಾಗ ನಮಗೆ ಆ ಎತ್ತರ ಯಾಕೆ ಬೇಕಿತ್ತು ಎಂಬುದು ಕಿವಿಯಿಂದ ತಿಳಿಯಿತು. ಹಗಲು ಕಣ್ಣಿಗೆ ತಿಳಿದಿರಲಿಲ್ಲ. ಅಷ್ಟು ದೊಡ್ಡ ಜಾಗದಲ್ಲಿ ಸೇರಿದ್ದವರು ಕೆಲವೇ ಸಾಲು ಜನ, ಹೆಚ್ಚಿನವರು ವಯಸ್ಸಾದವರು. ಹಗಲು ಹೊಸಿಲು ದಾಟಿದ ಸಾವಿರಾರು ಜನರಲ್ಲಿ ಈ ಮಂದಿಯದ್ದೇ ಆ ಮನೆ. ಅವರು ಕಡಿಮೆಯಾಗುತ್ತಾ ಹೋದರೆ ಟಿಕೆಟ್ ಕೌಂಟರ್ ಎಷ್ಟು ದೊಡ್ಡದಾದರೂ ಅದು ಮ್ಯೂಸಿಯಂ ಆಗುತ್ತದೆ. 1880ರ ಅಕ್ಟೋಬರ್‌ನಲ್ಲಿ ಚರ್ಚು ಪೂರ್ತಿಯಾದ ಉತ್ಸವಕ್ಕೆ ಚಕ್ರವರ್ತಿ ಬಂದಿದ್ದ, ಆದರೆ ಪೀಠದ ಒಡೆಯ ಆರ್ಚ್‌ಬಿಷಪ್ ಇರಲಿಲ್ಲ. ಸರ್ಕಾರದ ಜೊತೆಗಿನ ಜಗಳದಲ್ಲಿ ದೇಶ ಬಿಟ್ಟಿದ್ದರು. ಖಾಲಿ ಪೀಠದ ಮುಂದೆ ನಡೆದ ಆ ಉತ್ಸವ ನನಗೆ ಆ ಸಂಜೆ ನೆನಪಾಯಿತು.

ಹಡಗು ದಕ್ಷಿಣಕ್ಕೆ, ಹೊಳೆಯ ಎದುರು ದಿಕ್ಕಿಗೆ ಹೊರಟಿದ್ದರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಬಾನ್ ದಾಟಿದ ಮೇಲೆ ಡೆಕ್ಕಿನ ಎಡಗಡೆಗೆ ಬಂದು ನಿಲ್ಲಿ. ಪಾಳು ಕೋಟೆಯೊಂದನ್ನು ಹೊತ್ತ ಗುಡ್ಡ ಕಾಣುತ್ತದೆ, ಹೆಸರು ಡ್ರಾಖೆನ್‌ಫೆಲ್ಸ್. ಮಧ್ಯಯುಗದಲ್ಲಿ ಕೆಥಡ್ರಲ್‌ಗೆ ಕಲ್ಲು ಒಡೆದದ್ದು ಅಲ್ಲಿ. ದೋಣಿಯಲ್ಲಿ ಹೇರಿ ಹೊಳೆಯ ಜೊತೆ ಕೆಳಗೆ ತೇಲಿಬಿಟ್ಟರೆ ಕಲೋನ್ ತಲುಪುತ್ತಿತ್ತು. ಒಡೆದು ಒಡೆದು ಗುಡ್ಡವೇ ಉರುಳುವ ಹಾಗಾದಾಗ, 1836ರಲ್ಲಿ, ಪ್ರಷ್ಯಾದ ಸರ್ಕಾರ ಅದನ್ನು ಕೊಂಡು ಗಣಿ ನಿಲ್ಲಿಸಿತು. ನಮ್ಮ ಹಡಗಿನಲ್ಲಿ ಆ ಹೊತ್ತಿಗೆ ಸರಿಯಾಗಿ ಮಧ್ಯಾಹ್ನದ ಊಟಕ್ಕೆ ಕರೆ ಬಂತು, ಡೆಕ್ಕು ಖಾಲಿಯಾಯಿತು. ಅಮ್ಮ ಮಾತ್ರ ಶಾಲು ಹೊದ್ದು ಅಲ್ಲೇ ನಿಂತು, ಕೊರೆದ ಗುಡ್ಡದ ಮೈಯನ್ನೇ ನೋಡುತ್ತಾ, "ಹಾಗಾದ್ರೆ ನಮ್ಮ ಫಿಲೋಮಿನಾಗೆ ಕಲ್ಲು ಎಲ್ಲಿಂದ ತಂದ್ರೋ?" ಎಂದು ಕೇಳಿದರು. ಅದನ್ನು ಮೈಸೂರಿಗೆ ಹೋದಾಗ ವಿಚಾರಿಸಬೇಕು.